ಇಟಲಿ ಹಳ್ಳಿ ಕಡೆ, ಮಕ್ಕಳನ್ನ ಕಟ್ಕೊಂಡು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ದಸರಾ ರಜೆಗೆ ಇಟಲಿಗೆ ಹೋಗೋಣ ಅಂತ ಮನೇಲಿ ಮಾತಾಗಿದೆ. ನಾವಿಬ್ರು, 9 ಮತ್ತೆ 5 ವರ್ಷದ ಮಕ್ಕಳು, ಜೊತೆಗೆ ನಮ್ಮತ್ತೆ. ಯಜಮಾನ್ರು ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ, 12 ದಿನಕ್ಕೆ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್, ಮಧ್ಯದಲ್ಲಿ ಒಂದೇ ಒಂದು ದಿನ "ಕಂಟ್ರಿಸೈಡ್" ಅಂತ ಹಾಕಿದ್ದಾರೆ. ನಂಗೆ ಹಳ್ಳಿ ಕಡೆನೇ ಜಾಸ್ತಿ ಇರ್ಬೇಕು ಅಂತ ಆಸೆ. ನಾವು ವೆಜ್, ಮೊಟ್ಟೆ ನಡಿಯತ್ತೆ. ಎಲ್ಲಿ ಉಳ್ಕೊಳ್ಳೋದು, ಏನು ತಿನ್ನೋದು, ಹೇಗೆ ಪ್ಲಾನ್ ಮಾಡೋದು ಸ್ವಲ್ಪ ಬಿಡಿಸಿ ಹೇಳಿ.
(ಕುವೆಂಪುನಗರ, ಮೈಸೂರು)

ಉತ್ತರ: ಮೊದ್ಲು ಆ ಎಕ್ಸೆಲ್ ಶೀಟ್‌ಗೆ ಒಂದು ದೊಡ್ಡ ನಮಸ್ಕಾರ ಹಾಕಿ ಪಕ್ಕಕ್ಕಿಡಿ. 12 ದಿನದಲ್ಲಿ ಐದು ಊರು ಅಂದ್ರೆ ನಿಮ್ಮ ಮಕ್ಕಳು ನೋಡೋದು ಇಟಲಿನಲ್ಲ, ಸೂಟ್‌ಕೇಸು, ರೈಲ್ವೆ ಪ್ಲಾಟ್‌ಫಾರ್ಮು, ಹೋಟೆಲ್ ರಿಸೆಪ್ಷನ್ನು, ಮತ್ತೆ ಸೂಟ್‌ಕೇಸು. ಐದು ವರ್ಷದ ಮಗುಗೆ ಚರ್ಚಿನ ಗುಮ್ಮಟ ಎಷ್ಟು ದೊಡ್ಡದು ಅನ್ನೋದರಲ್ಲಿ ಏನೂ ಆಸಕ್ತಿ ಇರಲ್ಲ, ಅದೇ ಮನೆ ಹಿಂದೆ ಕೋಳಿ ಮೊಟ್ಟೆ ಇಡತ್ತೆ, ಬೆಳಿಗ್ಗೆ ಹೋಗಿ ನೀನೇ ತಗೊಂಡು ಬಾ ಅಂದ್ರೆ ಅಲಾರಂ ಇಲ್ದೆ ಏಳ್ತಾವೆ.

ನನ್ನ ಲೆಕ್ಕ ಇಷ್ಟೇ. ಹಳ್ಳಿ ಮನೆ ಒಂದೇ ಕಡೆ ಏಳು ರಾತ್ರಿ, ಕೊನೆಗೆ ರೋಮ್ ಮೂರು ರಾತ್ರಿ, ಮಿಕ್ಕಿದ್ದು ಹೋಗೋಕೆ ಬರೋಕೆ. ವೆನಿಸ್ಸು ಮಿಲಾನು ಎಲ್ಲಾ ಮಕ್ಕಳು ಕಾಲೇಜಿಗೆ ಹೋದ್ಮೇಲೆ ಅವರೇ ನೋಡ್ಕೋತಾರೆ ಬಿಡಿ.

ಎಲ್ಲಿ ಅಂದ್ರೆ, ಎಲ್ರೂ ಟಸ್ಕನಿ ಅಂತಾರೆ. ಆ ಸಾಲಾಗಿ ನಿಂತಿರೋ ಸೈಪ್ರೆಸ್ ಮರದ ಫೋಟೋ ಇದ್ಯಲ್ಲ, ಅದು ವಾಲ್ ದೋರ್ಚಾ ಅನ್ನೋ ಕಣಿವೆದು, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಚೆನ್ನಾಗಿರೋದು ನಿಜವೇ, ಆದ್ರೆ ಹೆಸರು ಬಂದಿರೋ ಕಡೆ ರೇಟೂ ಬಂದಿರತ್ತೆ, ಜನಾನೂ ಜಾಸ್ತಿ. ನಾನಾಗಿದ್ರೆ ಸ್ವಲ್ಪ ಕೆಳಗೆ, ಓರ್ವಿಯೆತೋ ಊರು ಮತ್ತೆ ಬೊಲ್ಸೇನಾ ಕೆರೆ ಇವೆರಡರ ಮಧ್ಯೆ ಎಲ್ಲಾದ್ರೂ ಮನೆ ಹುಡುಕ್ತೀನಿ. ಉಂಬ್ರಿಯಾ ಮತ್ತೆ ಲಾತ್ಸಿಯೋ ಅನ್ನೋ ಎರಡು ಪ್ರಾಂತ್ಯ ಸೇರೋ ಜಾಗ. ದ್ರಾಕ್ಷಿ ತೋಟ, ಆಲಿವ್ ತೋಪು ಎಲ್ಲಾ ಇಲ್ಲೂ ಇದೆ. ವಾಲ್ ದೋರ್ಚಾ ನೋಡ್ಲೇಬೇಕು ಅನ್ಸಿದ್ರೆ ಒಂದು ದಿನ ಕಾರಲ್ಲಿ ಹೋಗಿ ಪಿಯೆಂತ್ಸಾದಲ್ಲಿ ಸುತ್ತಾಡಿ, ಬಾಞೋ ವಿಞೋನಿ ಅನ್ನೋ ಪುಟ್ಟ ಊರಲ್ಲಿ ನಡುಬೀದಿಲಿ ಚೌಕದ ಬದ್ಲು ಬಿಸಿನೀರಿನ ಕೊಳಾನೇ ಇದೆ, ಅದನ್ನೂ ನೋಡ್ಕೊಂಡು ಸಂಜೆ ವಾಪಸ್ ಬರಬಹುದು.

ಫ್ಲೈಟ್ ಇಳಿದ ದಿನವೇ ಏರ್‌ಪೋರ್ಟಲ್ಲಿ ಕಾರ್ ತಗೊಂಡು ಹೊರಡಬೇಡಿ. ರಾತ್ರಿಯೆಲ್ಲಾ ನಿದ್ದೆ ಇಲ್ದೆ, ರಸ್ತೆ ಬಲಗಡೆ, ಸ್ಟಿಯರಿಂಗ್ ಎಡಗಡೆ, ಹಿಂದೆ ಮಕ್ಕಳು ಅಳ್ತಾ ಇರ್ತಾವೆ, ಬೇಕಾ ಇದೆಲ್ಲಾ? ರೋಮಿಂದ ಓರ್ವಿಯೆತೋಗೆ ರೈಲಿದೆ, ಒಂದು ಒಂದೂಕಾಲು ಗಂಟೆ ದಾರಿ. ಸ್ಟೇಷನ್ ಬುಡದಲ್ಲಿ, ಊರು ಮೇಲೆ ಬಂಡೆ ಮೇಲೆ. ಸ್ಟೇಷನ್ ಎದುರಿಗೇ ಫ್ಯುನಿಕ್ಯುಲರ್, ಅಂದ್ರೆ ಗುಡ್ಡ ಹತ್ತೋ ಪುಟ್ಟ ರೈಲು. 1888ರಲ್ಲಿ ಶುರುವಾದಾಗ ನೀರಿನ ಭಾರದಿಂದ ಓಡ್ತಿತ್ತಂತೆ, ಈಗ ಕರೆಂಟು. ಅದು ಹತ್ತಿದ ತಕ್ಷಣ ಮಕ್ಕಳ ಅರ್ಧ ಸುಸ್ತು ಇಳಿಯತ್ತೆ. ಅವತ್ತು ಅಲ್ಲೇ ಮಲ್ಕೊಂಡು ಮಾರನೇ ದಿನ ಕಾರ್ ತಗೊಳ್ಳಿ, ಮುಂಚೇನೇ ಬುಕ್ ಮಾಡಿರಿ.

ಮೇಲೆ ಹತ್ತಿದ್ಮೇಲೆ ಫ್ಯುನಿಕ್ಯುಲರ್ ಸ್ಟೇಷನ್ ಪಕ್ಕದಲ್ಲೇ ಒಂದು ಬಾವಿ ಇದೆ, ಪೊತ್ಸೋ ದಿ ಸಾನ್ ಪಾತ್ರಿತ್ಸಿಯೋ ಅಂತ. ಇದೊಂದನ್ನ ಮಾತ್ರ ಬಿಡಬೇಡಿ. 1527ರಲ್ಲಿ ರೋಮ್ ಮೇಲೆ ದಾಳಿ ಆಗಿ ಊರು ಲೂಟಿ ಆಯ್ತು, ಆಗಿನ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸ್ಕೊಂಡು ಓರ್ವಿಯೆತೋಗೆ ಬಂದು ಕೂತ್ರು. ಶತ್ರುಗಳು ಸುತ್ತ ಹಾಕ್ಕೊಂಡ್ರೆ ಮೇಲೆ ಕುಡಿಯೋ ನೀರಿಗೆ ಏನು ಮಾಡೋದು ಅಂತ ಈ ಬಾವಿ ತೋಡ್ಸಿದ್ದು. 53 ಮೀಟರ್ ಆಳ. ಗೋಡೆ ಸುತ್ತ ತಿರುಪಿನ ಹಾಗೆ ಎರಡು ದಾರಿ, ಒಂದಕ್ಕೊಂದು ಎಲ್ಲೂ ಸೇರಲ್ಲ, ಹೇಸರಗತ್ತೆಗಳು ಖಾಲಿ ಕೊಡ ಹೊತ್ಕೊಂಡು ಒಂದು ದಾರಿಲಿ ಇಳಿದು ನೀರು ತುಂಬ್ಕೊಂಡು ಇನ್ನೊಂದು ದಾರಿಲಿ ಹತ್ತೋದು, ಎದುರು ಬದುರು ಸಿಕ್ಕಿ ಜಗಳಾನೇ ಇಲ್ಲ. ಬಾವಿ ಒಳಗಡೆಗೆ 70 ಕಿಟಕಿ, ಬೆಳಕು ಮೇಲಿಂದ ಅದರಲ್ಲೇ ಇಳಿಯತ್ತೆ, ಕೆಳಕ್ಕೆ ಹೋಗ್ತಾ ಹೋಗ್ತಾ ಕಮ್ಮಿ ಆಗ್ತಾ ಬರತ್ತೆ. ತಳದಲ್ಲಿ ನೀರಿನ ಮೇಲೆ ಒಂದು ಸಣ್ಣ ಸೇತುವೆ, ಅದನ್ನ ದಾಟಿ ಆ ಕಡೆ ದಾರಿಲಿ ಮೇಲಕ್ಕೆ. 248 ಮೆಟ್ಟಿಲು, ಅತ್ತೆನ ಮೇಲೆ ಕಾಫಿ ಅಂಗಡಿಲಿ ಕೂರ್ಸಿ ಹೋಗಿ. ಒಂದು ಮಗು ಒಂದು ಕಿಟಕಿಲಿ, ಇನ್ನೊಂದು ಮುಂದಿನ ಕಿಟಕಿಲಿ ನಿಂತು ಕೂಗ್ತಾ ಇಳಿದ್ರೆ ಮೆಟ್ಟಿಲು ಲೆಕ್ಕಕ್ಕೇ ಬರಲ್ಲ. ಒಳಗೆ ಥಂಡಿ, ಸ್ವೆಟರ್ ಹಾಕ್ಸಿ.

ಇನ್ನೊಂದು ಬೊಮಾರ್ತ್ಸೋ. ಓರ್ವಿಯೆತೋ ಇಂದ ಕಾರಲ್ಲಿ ಮುಕ್ಕಾಲು ಗಂಟೆ ಅನ್ಕೊಳ್ಳಿ. 16ನೇ ಶತಮಾನದಲ್ಲಿ ಓರ್ಸೀನಿ ಮನೆತನದ ಒಬ್ಬ ಜಮೀನ್ದಾರ ಕಾಡಿನ ಮಧ್ಯೆ ಇದ್ದ ಬಂಡೆಗಳನ್ನೇ ಕೆತ್ಸಿ ರಾಕ್ಷಸರ ತೋಟ ಮಾಡ್ಸಿಬಿಟ್ಟಿದ್ದಾನೆ. ಬಾಯಿ ತೆಗೆದಿರೋ ಒಂದು ದೈತ್ಯನ ತಲೆ ಇದೆ, ಬಾಯೊಳಗೆ ಹೋದ್ರೆ ಕಲ್ಲಿನ ಟೇಬಲ್ಲು, ಬೆಂಚು, ಒಳಗೆ ಪಿಸುಗುಟ್ಟಿದ್ದು ಹೊರಗೆ ನಿಂತೋರಿಗೆ ಕೇಳ್ಸತ್ತೆ. ಬೇಕಂತ್ಲೇ ವಾಲಿಸಿ ಕಟ್ಟಿರೋ ಮನೆ ಇದೆ, ಒಳಗೆ ನಿಂತ್ರೆ ತಲೆ ತಿರುಗತ್ತೆ. ಮತ್ತೆ ಬೆನ್ನ ಮೇಲೆ ಗೋಪುರ ಹೊತ್ತ ಒಂದು ಆನೆ, ಸೊಂಡಿಲಲ್ಲಿ ಒಬ್ಬ ಸೈನಿಕನ್ನ ಸುತ್ತಿ ಹಿಡ್ಕೊಂಡಿದೆ. ಅಂಬಾರಿ ನೋಡಿ ಬೆಳೆದ ಮೈಸೂರು ಮಕ್ಕಳು ಅದರ ಮುಂದೆ ನಿಂತು ಏನೇನು ಕಾಮೆಂಟ್ ಹೊಡೀತಾವೋ ಬರೆದು ಕಳ್ಸಿ. (ಅಂದ ಹಾಗೆ ದಸರಾ ಟೈಮಲ್ಲಿ ಮೈಸೂರು ಬಿಟ್ಟು ಹೋಗೋ ಧೈರ್ಯ ಮೆಚ್ಚಿದೆ, ನೆಂಟ್ರಿಗೆ ಬೀಗದ ಕೈ ಕೊಟ್ಟು ಹೋಗ್ತೀರಾ?)

ಬಂಡೆ ತುದೀಲಿ ಕೂತಿರೋ ಚಿವಿತಾ ದಿ ಬಾಞೋರೆಜೋ ಕೂಡ ಅಲ್ಲೇ ಹತ್ರ. ಸುತ್ತ ಮಣ್ಣು ಕುಸೀತಾ ಕುಸೀತಾ ಊರಿಗೆ ಈಗ ಉಳಿದಿರೋದು ಒಂದೇ ಕಾಲುಸೇತುವೆ. ಗಾಡಿ ಹೋಗಲ್ಲ, ಒಳಗೆ ಹೋಗೋಕೆ ಟಿಕೆಟ್ ಇದೆ, ಕೊನೇಲಿ ಒಳ್ಳೆ ಏರು. ಅತ್ತೆ ಮಂಡಿ ಹೇಗಿದೆ ನೋಡ್ಕೊಳ್ಳಿ. ದೂರದಿಂದ ನೋಡೋಕೇ ಅದು ಚೆಂದ, ಹತ್ತದಿದ್ರೂ ನಷ್ಟ ಇಲ್ಲ.

ಉಳ್ಕೊಳ್ಳೋಕೆ ಅಗ್ರಿತುರಿಸ್ಮೋ ಹುಡುಕಿ. ಬೇಸಾಯ ಮಾಡೋ ಕುಟುಂಬ ತಮ್ಮ ತೋಟದ ಮನೇಲೇ ಅತಿಥಿಗಳನ್ನ ಇಟ್ಕೊಳ್ಳೋ ಪದ್ಧತಿ, ಇದಕ್ಕೆ 1985ರಲ್ಲಿ ಕಾನೂನೇ ಮಾಡಿದ್ರು, 2006ರಲ್ಲಿ ಹೊಸದು ಬಂತು. ಬೇಸಾಯವೇ ಮುಖ್ಯ ಕಸುಬಾಗಿರ್ಬೇಕು, ರೂಮು ಬಾಡಿಗೆ ಅದರ ಜೊತೆಗೆ ಅಷ್ಟೇ ಅನ್ನೋದು ಅದರ ತಿರುಳು. ಆದ್ರೂ ಸುಣ್ಣ ಬಣ್ಣ ಹೊಡೆದ ರೆಸಾರ್ಟ್ ಥರದವೂ ಸಿಗ್ತಾವೆ. ಬುಕ್ ಮಾಡೋ ಮುಂಚೆ ಮೆಸೇಜಲ್ಲಿ ಕೇಳಿ: ನೀವು ಏನು ಬೆಳೀತೀರಾ, ಕೋಳಿ ಕತ್ತೆ ಆಡು ಏನಾದ್ರೂ ಇದೆಯಾ, ಮಕ್ಕಳು ಮೇವು ಹಾಕಬಹುದಾ, ರಾತ್ರಿ ಊಟ ನೀವೇ ಮಾಡಿ ಬಡಿಸ್ತೀರಾ. ಉತ್ತರದಲ್ಲಿ ಬರೀ ಸ್ವಿಮ್ಮಿಂಗ್ ಪೂಲ್ ಫೋಟೋ ಬಂದ್ರೆ ಬೇರೆ ನೋಡಿ. ದಸರಾ ಸಮಯ ಅಂದ್ರೆ ಅಲ್ಲಿ ದ್ರಾಕ್ಷಿ ಕುಯ್ಲು ನಡೀತಿರತ್ತೆ ಇಲ್ಲ ಈಗಷ್ಟೇ ಮುಗಿದಿರತ್ತೆ, ಆಮೇಲೆ ಆಲಿವ್ ಕೀಳೋದು ಶುರು, ಹೊಸ ಎಣ್ಣೆ ಬಿಸಿ ಬ್ರೆಡ್ ಮೇಲೆ ಹಾಕಿ ಕೊಟ್ರೆ ಬೇಡ ಅನ್ಬೇಡಿ.

ಇಲ್ಲೇ ಒಂದು ವಿಷ್ಯ, ಯಾರೂ ಹೇಳಲ್ಲ. ಅಕ್ಟೋಬರಲ್ಲಿ ಮಧ್ಯಾಹ್ನ ಹಿತವಾಗಿರತ್ತೆ, ರಾತ್ರಿ ಕಲ್ಲಿನ ಮನೆ ಕೊರೆಯತ್ತೆ. ಅಲ್ಲಿ ಮನೆ ಹೀಟಿಂಗ್ ಯಾವಾಗಿಂದ ಹಾಕಬಹುದು ಅನ್ನೋದಕ್ಕೂ ಕಾನೂನಿದೆ, ಊರಿನ ಚಳಿ ನೋಡ್ಕೊಂಡು ಕೆಲವು ಕಡೆ ಅಕ್ಟೋಬರ್ 15ರಿಂದ, ಕೆಲವು ಕಡೆ ನವೆಂಬರ್ 1ರಿಂದ. ಅದಕ್ಕೇ ಒಲೆಗೂಡು ಇದೆಯಾ, ಜಾಸ್ತಿ ಕಂಬಳಿ ಕೊಡ್ತೀರಾ ಅಂತ ಕೇಳಿ. ಹೊರಗಿನ ಪೂಲ್ ಆ ಹೊತ್ತಿಗೆ ಮುಚ್ಚಿರಬಹುದು, ಮಕ್ಕಳಿಗೆ ಪೂಲ್ ಆಸೆ ತೋರಿಸಿ ಕರ್ಕೊಂಡು ಹೋಗಿ ಆಮೇಲೆ ಒದ್ದಾಡಬೇಡಿ.

ಊಟ. ಟೊಮೇಟೊ ಪಾಸ್ತಾ ಎಲ್ಲಾ ಕಡೆ ಸಿಗತ್ತೆ, ಮಕ್ಕಳ ಸಮಸ್ಯೆ ಅಲ್ಲಿಗೆ ಮುಗೀತು. ಖಾರ ಬೇಕಾದ್ರೆ ಆರಾಬಿಯಾತಾ ಕೇಳಿ, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿರ್ತಾರೆ. ಮೊಟ್ಟೆ ನಡಿಯೋದರಿಂದ ಮನೇಲಿ ಲಟ್ಟಿಸಿದ ಪಾಸ್ತಾನೂ ತಿನ್ನಬಹುದು. ಆದ್ರೆ ರಾಗು ಅಂದ್ರೆ ಮಾಂಸದ ಸಾಸು, ತರಕಾರಿ ಸೂಪಿಗೂ ಮಾಂಸದ ಸ್ಟಾಕ್ ಹಾಕಿರಬಹುದು, ಪಾನ್ನಾ ಕೋತ್ತಾ ಅನ್ನೋ ಸಿಹಿಲಿ ಜೆಲಾಟಿನ್, "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಅಂತ ಹೇಳಿ, ಮಾಂಸ ಮೀನು ಬೇಡ ಅಂತ. ಪಾರ್ಮೆಸಾನ್ ಚೀಸ್ ಮಾಡೋಕೆ ಹಾಲು ಒಡೆಸೋದೇ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಲ್ಲಿ, ಇದನ್ನ ಅತ್ತೆಗೆ ಹೇಳ್ಬೇಕೋ ಬೇಡ್ವೋ ನಿಮಗೆ ಬಿಟ್ಟಿದ್ದು, ನಾನು ಮಧ್ಯ ಬರಲ್ಲ. ಬ್ರೆಡ್ಡಿಗೆ ಉಪ್ಪಿಲ್ಲ ಅಂತ ವೇಟರ್ ಹತ್ರ ಜಗಳಕ್ಕೆ ಹೋಗಬೇಡಿ, ಉಂಬ್ರಿಯಾ ಟಸ್ಕನಿ ಎರಡೂ ಕಡೆ ಸಪ್ಪೆ ಬ್ರೆಡ್ಡೇ ಪದ್ಧತಿ.

ಇದಕ್ಕಿಂತ ದೊಡ್ಡ ತೊಂದ್ರೆ ಟೈಮಿಂಗು. ಮಧ್ಯಾಹ್ನ ಎರಡೂವರೆ ದಾಟಿದ್ರೆ ಹೋಟೆಲ್ ಅಡುಗೆಮನೆ ಮುಚ್ಚತ್ತೆ, ರಾತ್ರಿ ಏಳೂವರೆ ತನಕ ತೆಗಿಯಲ್ಲ, ಹಳ್ಳಿ ಅಂಗಡಿಗಳೂ ಮಧ್ಯಾಹ್ನ ಬಾಗ್ಲು ಹಾಕ್ಕೊಂಡು ಮಲಗ್ತಾವೆ, ಭಾನುವಾರ ಕೇಳ್ಲೇಬೇಡಿ. ನಿಮ್ಮ ಮಕ್ಕಳಿಗೆ ಸಂಜೆ ಆರಕ್ಕೆ ಹೊಟ್ಟೆ ಹಸಿಯತ್ತೆ. ಹಾಗಾಗಿ ಅಡುಗೆಮನೆ ಇರೋ ಮನೇನೇ ತಗೊಳ್ಳಿ. ತೊಗರಿಬೇಳೆ, ಗಟ್ಟಿ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಲ್ಲಿಂದ. ಅಕ್ಕಿ, ಹಾಲು, ತರಕಾರಿ ಅಲ್ಲಿ ಕೋಪ್ ಇಲ್ಲ ಕೊನಾದ್ ಸೂಪರ್‌ಮಾರ್ಕೆಟಲ್ಲಿ.

ರೋಮಲ್ಲಿ ಒಂದು ಉಳಿತಾಯ: ಸರ್ಕಾರಿ ಮ್ಯೂಸಿಯಂ, ಸ್ಮಾರಕಗಳಿಗೆ 18 ವರ್ಷದೊಳಗಿನವರಿಗೆ ಪ್ರವೇಶ ಫ್ರೀ, ಯಾವ ದೇಶದ ಮಕ್ಕಳಾದ್ರೂ ಸರಿ. ವ್ಯಾಟಿಕನ್ ಬೇರೆ ದೇಶ, ಅಲ್ಲಿ ಈ ಲೆಕ್ಕ ನಡಿಯಲ್ಲ.

ಪ್ರಶ್ನೆ: ಮೇಡಂನೋರೆ, ನಮ್ದು ಮಂಡ್ಯ ಪಕ್ಕ ಹಳ್ಳಿ, ನಾಲೆ ನೀರ್ನಲ್ಲಿ ಭತ್ತ, ಕಬ್ಬು. ನಮ್ ತಮ್ಮ ಮಿಲಾನ್‌ನಲ್ಲಿ ಕೆಲ್ಸದಲ್ಲವ್ನೆ, ಬೇಸ್ಗೆ ರಜಕ್ಕೆ ಮಕ್ಳು ಕರ್ಕೊಂಡ್ ಬಾ ಅಂತವ್ನೆ. ಹುಡ್ಗ ಆರ್ನೇ ಕ್ಲಾಸು, ಹುಡ್ಗಿ ಮೂರು. ನಂಗೆ ಕಟ್ಟಡ ಗಿಟ್ಟಡ ನೋಡೋಕೆ ಇಷ್ಟಿಲ್ಲ, ಅಲ್ಲಿ ರೈತ್ರು ಏನ್ ಮಾಡ್ತಾರೆ ನೋಡ್ಬೇಕು. ಎಲ್ ಹೋಗದು?
(ಮಂಡ್ಯ ತಾಲ್ಲೂಕು)

ಉತ್ತರ: ಅಣ್ಣಾ, ನೀವು ಕೇಳೋ ಜಾಗಕ್ಕೇ ನಿಮ್ಮ ತಮ್ಮ ಮನೆ ಮಾಡಿದ್ದಾರೆ. ಮಿಲಾನ್ ಮತ್ತೆ ತೂರಿನ್ ಮಧ್ಯೆ ವೆರ್ಚೆಲ್ಲಿ, ನೊವಾರಾ ಅಂತ ಎರಡು ಜಿಲ್ಲೆ, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಯುರೋಪಿಯನ್ ಯೂನಿಯನ್ನಲ್ಲಿ ಜಾಸ್ತಿ ಅಕ್ಕಿ ಬೆಳೆಯೋ ದೇಶ ಇಟಲಿನೇ. ಏಪ್ರಿಲ್ ಮೇನಲ್ಲಿ ಗದ್ದೆಗೆ ನೀರು ಬಿಡ್ತಾರೆ, ನಿಮ್ಮ ರಜಕ್ಕೆ ಸರಿಯಾಗಿ. ನೀರು ತುಂಬಿದ ಗದ್ದೆ, ಅದರಲ್ಲಿ ಬಕಪಕ್ಷಿ, ಆಕಾಶ ಚೊಕ್ಕವಾಗಿದ್ರೆ ಹಿಂದೆ ಆಲ್ಪ್ಸ್ ಹಿಮದ ಸಾಲು. ನಾಟಿ ಹಾಕೋ ಹೆಂಗಸ್ರು ಸಿಕ್ತಾರೆ ಅಂತ ಹೋಗಬೇಡಿ, ಎಲ್ಲಾ ಟ್ರ್ಯಾಕ್ಟರಲ್ಲೇ ಬಿತ್ತನೆ, ಕೆಲವರು ಒಣಭೂಮಿಲೇ ಬಿತ್ತಿ ಆಮೇಲೆ ನೀರು ಕಟ್ತಾರೆ. ಹಿಂದೆ ಮಂಡಿಯುದ್ದ ನೀರಲ್ಲಿ ಕಳೆ ಕೀಳೋಕೆ ಊರೂರಿಂದ ಹೆಣ್ಣಾಳುಗಳು ಬರ್ತಿದ್ರು, ಮೊಂದೀನೆ ಅಂತಾರೆ ಅವರನ್ನ. ದಿನಕ್ಕೆ 8 ಗಂಟೆ ಮಾತ್ರ ಕೆಲಸ ಅಂತ ಮುಷ್ಕರ ಹೂಡಿ 1906ರಲ್ಲೇ ವೆರ್ಚೆಲ್ಲಿಲಿ ಗೆದ್ದೋರು ಅವರು.

ನಿಮ್ಮ ಹುಡುಗನಿಗೆ ತೋರ್ಸಬೇಕಾದ್ದು ಕವೂರ್ ನಾಲೆ. 1863ರಲ್ಲಿ ಶುರು ಮಾಡಿ 1866ಕ್ಕೆ ಮುಗಿಸಿದ್ರು, ಕಿವಾಸ್ಸೋ ಅನ್ನೋ ಕಡೆ ಪೋ ನದಿಯಿಂದ ನೀರು ಎತ್ಕೊಂಡು 80 ಕಿಲೋಮೀಟರಿಗೂ ಜಾಸ್ತಿ ಹೋಗಿ ತಿಚೀನೋ ನದಿ ಹತ್ರ ಮುಗಿಯತ್ತೆ. ದಾರೀಲಿ ಬೇರೆ ನದಿಗಳನ್ನ ಕೆಲವು ಕಡೆ ಮೇಲ್ಗಾಲುವೆಲಿ, ಕೆಲವು ಕಡೆ ನದಿ ಕೆಳಗೆ ನುಗ್ಗಿ ದಾಟತ್ತೆ. ನಮ್ಮ ವಿಸಿ ನಾಲೆ ಹುಲಿಕೆರೆ ಸುರಂಗದಲ್ಲಿ ನುಗ್ಗೋದನ್ನ ನೋಡಿರೋ ಹುಡುಗನಿಗೆ ಬೇರೆ ವಿವರಣೆ ಬೇಡ. ಅದಕ್ಕಿಂತಾ ಸೋಜಿಗ ನೀರು ಹಂಚೋ ವ್ಯವಸ್ಥೆ: ಸೇಸಿಯಾ ನದಿ ಪಶ್ಚಿಮದ ರೈತರು 1853ರಲ್ಲೇ ತಮ್ಮದೇ ನೀರಾವರಿ ಸಂಘ ಕಟ್ಕೊಂಡ್ರು, ಅದು ಈಗಲೂ ಇದೆ. ಕೊನೇ ಭಾಗಕ್ಕೆ ನೀರು ಬರಲ್ಲ ಅನ್ನೋ ಜಗಳ ಅಲ್ಲಿಲ್ಲ ಅಂತ ಮಾತ್ರ ತಿಳ್ಕೋಬೇಡಿ. 2022ರಲ್ಲಿ ಪೋ ನದಿ ಬತ್ತಿ ಎಷ್ಟೋ ಗದ್ದೆ ಒಣಗಿದ್ವು, ಆ ಮಾತು ತೆಗೆದ್ರೆ ಅಲ್ಲಿನ ರೈತರೂ ನಿಮ್ಮ ಹಾಗೇ ಗಂಟೆಗಟ್ಲೆ ಮಾತಾಡ್ತಾರೆ, ತಮ್ಮನ್ನ ಜೊತೆಗೆ ಕರ್ಕೊಂಡು ಹೋಗಿ, ಭಾಷೆಗೆ.

ಮಿಲಾನಿಂದ ವೆರ್ಚೆಲ್ಲಿಗೆ ರೈಲಲ್ಲಿ ಸುಮಾರು ಒಂದು ಗಂಟೆ. ಗದ್ದೆ ಮಧ್ಯದ ದೊಡ್ಡ ತೊಟ್ಟಿಮನೆಗಳಿಗೆ ಕಾಶೀನಾ ಅಂತಾರೆ, ಕೆಲವು ಕಡೆ ಉಳ್ಕೊಳ್ಳೋಕೂ ಬಿಡ್ತಾರೆ, ಅಕ್ಕಿನೂ ಅಲ್ಲೇ ಮಾರ್ತಾರೆ. ಆರ್ಬೋರಿಯೋ ಅಕ್ಕಿ ಕೇಳಿರ್ತೀರಾ, ಆರ್ಬೋರಿಯೋ ಅನ್ನೋದು ಅಲ್ಲಿನ ಒಂದು ಊರು. ಪಾನಿಸ್ಸಾ ತಿನ್ನಿ, ಅಕ್ಕಿ ಹುರುಳೀಕಾಯಿ ಬೀಜದ ಜೊತೆ ಹಂದಿಮಾಂಸದ ಸಲಾಮಿ ಹಾಕಿ ಮಾಡೋದು, ನಡಿಯತ್ತಾ ನೋಡ್ಕೊಳ್ಳಿ. ಸೊಳ್ಳೆ ವಿಪರೀತ, ಬೇಸಿಗೆ ಏರಿದ ಹಾಗೆ ಇನ್ನೂ. ಸೊಳ್ಳೆ ಕ್ರೀಮು ಬ್ಯಾಗಲ್ಲಿರ್ಲಿ. ಮಗಳಿಗೆ ಗದ್ದೆ ಬೇಜಾರಾದ್ರೆ ಓರ್ತಾ ಕೆರೆಗೆ ಕರ್ಕೊಂಡು ಹೋಗಿ ದೋಣಿ ಹತ್ತಿಸಿ, ಹತ್ರಾನೇ.

ಪ್ರಶ್ನೆ: ಇಟಲಿಲಿ ಕಾರ್ ಓಡ್ಸೋಕೆ ನಮ್ಮ ಡಿಎಲ್ ಸಾಕಾ?
(ವಿಜಯನಗರ, ಮೈಸೂರು)

ಉತ್ತರ: ಸಾಲದು. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡ್ಸಿ, ಒಂದು ವರ್ಷ ನಡಿಯತ್ತೆ, ಅದೂ ಡಿಎಲ್ಲೂ ಎರಡೂ ಜೊತೆಗಿರ್ಬೇಕು. 150 ಸೆಂಟಿಮೀಟರ್‌ಗಿಂತ ಗಿಡ್ಡ ಇರೋ ಮಕ್ಕಳಿಗೆ ಚೈಲ್ಡ್ ಸೀಟ್ ಇಲ್ಲ ಬೂಸ್ಟರ್ ಕಡ್ಡಾಯ, ಮಡಿಲಲ್ಲಿ ಕೂರ್ಸ್ಕೊಳ್ಳೋದು ಅಲ್ಲಿ ನಡಿಯಲ್ಲ. ಹಳೇ ಊರುಗಳ ಒಳಗೆ ZTL (ಪರ್ಮಿಟ್ ಇಲ್ಲದ ಗಾಡಿಗೆ ಪ್ರವೇಶ ಇಲ್ಲದ ಜಾಗ) ಅಂತ ಬೋರ್ಡ್, ಬಿಳಿ ಮೇಲೆ ಕೆಂಪು ರಿಂಗ್ ಇದ್ರೆ, ಒಳಗೆ ನುಗ್ಗಬೇಡಿ. ಪೊಲೀಸ್ ಯಾರೂ ಅಡ್ಡ ಹಾಕಲ್ಲ, ಕ್ಯಾಮೆರಾ ಫೋಟೋ ಹೊಡ್ಕೊಳ್ಳತ್ತೆ, ನೀವು ಮೈಸೂರಿಗೆ ಬಂದು ಎಷ್ಟೋ ತಿಂಗಳಾದ್ಮೇಲೆ ದಂಡದ ಕಾಗದ ಬರತ್ತೆ, ಕಾರ್ ಬಾಡಿಗೆಯವರು ನಿಮ್ಮ ಅಡ್ರೆಸ್ ಕೊಟ್ಟಿದ್ದಕ್ಕೆ ಬೇರೆ ಚಾರ್ಜ್ ಹಾಕಿರ್ತಾರೆ. ಊರ ಹೊರಗೆ ಪಾರ್ಕ್ ಮಾಡಿ ನಡೀರಿ. ಬಂಕಲ್ಲಿ ಗ್ಯಾಸೋಲಿಯೋ ಅಂತ ಬರೆದಿರೋದು ಡೀಸೆಲ್ಲು, ಬೆಂತ್ಸೀನಾ ಪೆಟ್ರೋಲು.

ಪ್ರಶ್ನೆ: ಮಕ್ಕಳಿಗೂ ವೀಸಾ ಫೀಸ್ ಕಟ್ಬೇಕಾ? ಯಾವಾಗ ಅಪ್ಲೈ ಮಾಡೋದು?
(ಶ್ರೀರಂಗಪಟ್ಟಣ)

ಉತ್ತರ: ಇಟಲಿಗೆ ಬೇಕಾಗಿರೋದು ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಒಂದೇ ವೀಸಾ. ಅದರ ಫೀಸು ದೊಡ್ಡವರಿಗೆ 90 ಯೂರೋ, 6 ವರ್ಷ ತುಂಬಿ 12 ಆಗದೇ ಇರೋ ಮಕ್ಕಳಿಗೆ 45, 6ರ ಒಳಗೆ ಇಲ್ಲ. 2024ರ ಜೂನಿಂದ ಈ ರೇಟು, ಅರ್ಜಿ ತಗೊಳ್ಳೋ ವೀಸಾ ಸೆಂಟರಿನ ಸರ್ವಿಸ್ ಚಾರ್ಜ್ ಬೇರೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಕೇಳಲ್ಲ. ಹೊರಡೋಕೆ 6 ತಿಂಗಳು ಮುಂಚೆಯಿಂದ ಹಾಕಬಹುದು, ಕಡಿಮೆ ಅಂದ್ರೂ 15 ದಿನ ಮುಂಚೆ, ಆದ್ರೆ ಆ 15 ದಿನ ನಂಬ್ಕೊಂಡು ಕೂರಬೇಡಿ, 45 ದಿನದ ತನಕ ಎಳೆಯೋಕೂ ಅವರಿಗೆ ಅವಕಾಶ ಇದೆ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಪ್ರತಿಯೊಬ್ಬರಿಗೂ, ಮಗುಗೂ ಸೇರಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರ್ಕೊಂಡು ಹೋಗೋದಾದ್ರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು.

ಪ್ರಶ್ನೆ: ಕೇಳೋಕೆ ಒಂಥರಾ ಆಗತ್ತೆ. ಬಾತ್‌ರೂಮಲ್ಲಿ ನೀರು ಇರತ್ತಾ ಇಲ್ಲ ಪೇಪರ್ರಾ?
(ಹೆಸರು, ಊರು ಬೇಡ ಅಂದಿದ್ದಾರೆ)

ಉತ್ತರ: ನಾಚ್ಕೋಬೇಡಿ, ಎಲ್ರ ಮನಸಲ್ಲೂ ಇರೋದೇ. ಇಟಲಿ ಮನೆಗಳಲ್ಲಿ ಬಿದೆ ಇರತ್ತೆ, ಕಮೋಡ್ ಪಕ್ಕ ಅದೇ ಎತ್ತರದ ಇನ್ನೊಂದು ಬೇಸಿನ್ನು, ನಲ್ಲಿ ಸಮೇತ. ಮನೇಲಿ ಒಂದು ಬಾತ್‌ರೂಮಲ್ಲಾದ್ರೂ ಅದು ಇರ್ಲೇಬೇಕು ಅಂತ 1975ರಿಂದ ಸರ್ಕಾರಿ ನಿಯಮಾನೇ ಇದೆ. ಮಕ್ಕಳು ಅದರಲ್ಲಿ ಕಾಗದದ ದೋಣಿ ಬಿಡದ ಹಾಗೆ ನೋಡ್ಕೊಳ್ಳಿ. ಹೋಟೆಲ್, ಪೆಟ್ರೋಲ್ ಬಂಕ್ ಟಾಯ್ಲೆಟ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಬ್ಯಾಗಲ್ಲಿ ಒಂದು ಸಣ್ಣ ಬಾಟ್ಲಿ ಇರ್ಲಿ.

ಪ್ರಶ್ನೆ: ನಮ್ಮಮ್ಮಂಗೆ ಊಟ ಆದ್ಮೇಲೆ ಎಲೆ ಅಡಿಕೆ ಬೇಕೇ ಬೇಕು. ವೀಳ್ಯದೆಲೆ ತಗೊಂಡು ಹೋಗಬಹುದಾ? ತುಪ್ಪ, ಬಾಳೆಹಣ್ಣು?
(ಅಗ್ರಹಾರ, ಮೈಸೂರು)

ಉತ್ತರ: ಎಲೆ ಆಗಲ್ಲ. ಹಸಿ ಎಲೆ, ಹಣ್ಣು, ತರಕಾರಿ ಯುರೋಪಿಯನ್ ಯೂನಿಯನ್ ಒಳಗೆ ತರ್ಬೇಕಾದ್ರೆ ಗಿಡಕ್ಕೆ ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು, ಮೈಸೂರು ಚಿಗುರೆಲೆ ಅಂದ್ರೂ ಬಿಡಲ್ಲ. ಕರಿಬೇವೂ ಅಷ್ಟೇ, ಒಗ್ಗರಣೆಗೆ ಒಣಗಿಸಿ ಪುಡಿ ಮಾಡ್ಕೊಂಡು ಹೋಗಿ. ಹಾಲಿನ ಪದಾರ್ಥಕ್ಕೂ ಮಾಂಸಕ್ಕೂ ತಡೆ ಇದೆ, ಅಲ್ಲಿಗೆ ತುಪ್ಪನೂ ಇಲ್ಲ, ಬೆಣ್ಣೆ ಅಲ್ಲೇ ಕೊಂಡು ಕಾಯ್ಸ್ಕೊಳ್ಳಿ. ಆ ಸರ್ಟಿಫಿಕೇಟ್ ಬೇಡ ಅಂತ ಬಿಟ್ಟಿರೋ ಹಣ್ಣು ಐದೇ: ಅನಾನಸ್, ತೆಂಗಿನಕಾಯಿ, ಡೂರಿಯನ್, ಖರ್ಜೂರ, ಬಾಳೆಹಣ್ಣು. ಅಂದ್ರೆ ನಂಜನಗೂಡು ರಸಬಾಳೆ ಕಾನೂನು ಪ್ರಕಾರ ಓಕೆ, ಬೆಂಗಳೂರು ಏರ್‌ಪೋರ್ಟ್ ತನಕ ಫ್ಲೈಬಸ್ಸಲ್ಲಿ ಮೆತ್ತಗಾಗದೇ ಇದ್ರೆ.